ಹೊತ್ತವರ ಕಣಿವೆ

ಪಡುವಣ ಕಡಲಿಗೆ ಬೆನ್ನು ಕೊಟ್ಟು ಬೆಟ್ಟಗಳು ಕೂತಿರುವ ಒಂದು ನಾಡಿತ್ತು. ಅಲ್ಲಿ ವರ್ಷದ ಮುಕ್ಕಾಲು ಪಾಲು ಮಂಜು. ಉಳಿದ ದಿನ ಮಂಜು ಯಾವಾಗ ಬಂದೀತೆಂಬ ಮಾತು. ಆ ನಾಡಿನವರಿಗೆ ಕಣಿವೆ ಎನ್ನುವುದಕ್ಕೆ ಒಂದು ಮಾತು ಸಾಲುತ್ತಿರಲಿಲ್ಲ. ಎರಡು ಬೆಟ್ಟ ಹತ್ತಿರ ನಿಂತು ನಡುವೆ ಹೊಳೆ ಇಕ್ಕಟ್ಟಾಗಿ ಹರಿದರೆ ಅದು ಗ್ಲೆನ್. ಬೆಟ್ಟಗಳು ದೂರ ಸರಿದು, ಹೊಳೆಗೆ ಕಾಲು ಚಾಚಲು ಜಾಗ ಬಿಟ್ಟರೆ ಅದು ಸ್ಟ್ರಾತ್. ಬೆಟ್ಟದ ತಲೆಯ ಬಳಿ ಮೂರು ಕಡೆ ಬಂಡೆ, ಒಂದು ಕಡೆ ಬಾಯಿ ಇರುವ ಗುಂಡನೆಯ ತಗ್ಗಾದರೆ ಅದು ಕೊರಿ. ಕೊರಿ ಎಂದರೆ ಅವರ ಮಾತಿನಲ್ಲಿ ಹಂಡೆ.

ಇಷ್ಟನ್ನು ನೋಡಿದ ಕಣ್ಣೇ ಹೇಳಿಬಿಡುತ್ತಿತ್ತು. ಆದರೆ ಯಾವ ಗ್ಲೆನ್, ಯಾರ ಸ್ಟ್ರಾತ್, ಎಂಥ ಕೊರಿ ಎಂಬುದನ್ನು ಕಣ್ಣು ಹೇಳಲಾರದು. ಅದಕ್ಕೆ ಒಂದು ಕಟ್ಟಳೆ ಇತ್ತು. ಜನ ಹೊಸದಾಗಿ ಹೋಗಿ ನೆಲೆಸಿದ ಕಣಿವೆಯಲ್ಲಿ ಮೊದಲ ಸಂಗತಿ ಏನು ನಡೆಯುತ್ತದೋ ಅದೇ ಅದರ ಹೆಸರು. ಹೆಸರು ಏನೋ, ಮುಂದೆ ಆ ಕಣಿವೆಯ ಬಾಳೂ ಅದೇ.

ಉಣ್ಣುವುದು, ಮಲಗುವುದು, ಕುರಿ ಮೇಯಿಸುವುದು ಸಂಗತಿಯಲ್ಲ. ಹುಟ್ಟು ಸಂಗತಿ, ಸಾವು ಸಂಗತಿ. ಮದುವೆ, ಕೊಲೆ, ಆಣೆ, ಕಳ್ಳತನ ಇವೆಲ್ಲ ಸಂಗತಿ. ಮೊಮ್ಮಕ್ಕಳಿಗೆ ಹೇಳಬೇಕು ಎನ್ನಿಸುವಂಥದ್ದು, ಇಲ್ಲವೇ ಮೊಮ್ಮಕ್ಕಳಿಗೆ ಗೊತ್ತಾಗಬಾರದು ಎನ್ನಿಸುವಂಥದ್ದು ಏನಾದರೂ ಆದರೆ ಅದು ಸಂಗತಿ.

ಹೆಸರು ಹೇಳುವ ಕೆಲಸ ಒಂದು ಮನೆತನದ ಹೆಂಗಸರದು. ತಾಯಿಯಿಂದ ಮಗಳಿಗೆ, ಮಗಳಿಲ್ಲದಿದ್ದರೆ ಆಯ್ದುಕೊಂಡವಳಿಗೆ ಅದು ಬರುತ್ತಿತ್ತು. ಈ ಕತೆಯ ಕಾಲಕ್ಕೆ ಹೆಸರಿಡುವವಳಾಗಿ ಇದ್ದವಳು ನಲವತ್ತರ ಹೆಂಗಸು, ಮಾತು ಕಡಿಮೆ, ಮಕ್ಕಳಿಲ್ಲ. ಗಂಡ ಗೋಡೆ ಕಟ್ಟುವವನು. ಗಾರೆ ಇಲ್ಲದೆ, ಕಲ್ಲಿಗೆ ಕಲ್ಲು ಹೊಂದಿಸಿ, ನೂರು ವರ್ಷ ಗಾಳಿಗೆ ಅಲುಗದ ಗೋಡೆ ಕಟ್ಟುತ್ತಿದ್ದ. ಒಂದು ಕಲ್ಲನ್ನು ಕೈಗೆತ್ತಿಕೊಂಡ ಮೇಲೆ ಕೆಳಗಿಡುವವನಲ್ಲ. ಅದಕ್ಕೆ ಜಾಗ ಸಿಗುವ ತನಕ ಹಿಡಿದುಕೊಂಡೇ ನಿಲ್ಲುತ್ತಿದ್ದ.

ಅವರಿದ್ದ ಊರು ಅಳುವ ತಾಯಿಯ ಗ್ಲೆನ್. ಯಾವ ಕಾಲದಲ್ಲೋ ಮೊದಲು ಅಲ್ಲಿಗೆ ಬಂದವಳೊಬ್ಬಳು ಹೊಳೆ ದಾಟುವಾಗ ಕೂಸನ್ನು ನೀರಿಗೆ ಕಳೆದುಕೊಂಡು ದಡದಲ್ಲಿ ಕೂತು ಅತ್ತಳಂತೆ. ಅಂದಿನಿಂದ ಆ ಗ್ಲೆನ್ನಿನಲ್ಲಿ ತಾಯಂದಿರು ಅಳುತ್ತಲೇ ಬಂದರು. ಹುಟ್ಟಿದ ಮೂರರಲ್ಲಿ ಎರಡು ಕೂಸು ಉಳಿಯುತ್ತಿರಲಿಲ್ಲ. ಹೆಸರಿಡುವವಳೂ ಎರಡು ಸಲ ಅತ್ತಿದ್ದಳು. ಕೊನೆಗೊಂದು ವಸಂತದಲ್ಲಿ ಊರಿನ ಮುಂದಾಳು, "ಈ ಹೆಸರಿನ ಕೆಳಗೆ ಇನ್ನು ಬಾಳೋಕಾಗಲ್ಲ. ಹೆಸರಿಲ್ಲದ ಕಣಿವೆ ಹುಡುಕೋಣ, ನಡೀರಿ" ಎಂದ. ಅವನ ಸೊಸೆಗೆ ಆಗ ಮೂರು ತಿಂಗಳು. ಮೂವತ್ತೊಂಬತ್ತು ಜನ, ಕುರಿ, ಕೊಡಲಿ, ಮಡಕೆ, ಬಾರ್ಲಿ ಬೀಜದ ಚೀಲ ಹೊತ್ತು ಹೊರಟರು.

ದಾರಿಯಲ್ಲಿ ಸಿಕ್ಕ ಕಣಿವೆಗಳಿಗೆಲ್ಲ ಹೆಸರಿತ್ತು. ಕುರಿ ಕಳೆದ ಸ್ಟ್ರಾತ್ ದಾಟಿದರು. ಬೆಳಗಾಗುವಷ್ಟರಲ್ಲಿ ಹನ್ನೊಂದು ಕುರಿ ಇರಲಿಲ್ಲ. ಅಣ್ಣತಮ್ಮಂದಿರ ಗ್ಲೆನ್ ದಾಟಿದರು. ಅಲ್ಲಿನ ಮನೆಗಳಿಗೆಲ್ಲ ಎರಡೆರಡು ಬಾಗಿಲು, ಎರಡು ಒಲೆ, ನಡುವೆ ಗೋಡೆ. ಬೇಸಿಗೆ ಮುಗಿಯುವ ಹೊತ್ತಿಗೆ ಎರಡು ಬೆಟ್ಟದ ನಡುವಿನ ಒಂದು ಎತ್ತರದ ಸಂದು ಹತ್ತಿ ನಿಂತರು. ಕೆಳಗೆ, ಮಂಜಿನ ಅಡಿಯಲ್ಲಿ, ಯಾರೂ ತುಳಿಯದ ಹುಲ್ಲು ಕಂಡಿತು. ಹೆಸರಿಡುವವಳು ಇಳಿದುಹೋಗಿ, ಹೊಳೆಯಲ್ಲಿ ಮೂರು ಬೆರಳು ಅದ್ದಿ, ಮಂಡಿಯೂರಿ ನೆಲಕ್ಕೆ ಕಿವಿ ಇಟ್ಟಳು. ನೆಲ ಏನೂ ಹೇಳಲಿಲ್ಲ.

"ಇದಕ್ಕೆ ಹೆಸರಿಲ್ಲ" ಎಂದಳು.

ಜನ ಕೂಗಿ ಕುಣಿಯಬೇಕಾಗಿತ್ತು. ಯಾರೂ ಕೂಗಲಿಲ್ಲ. ಕುಣಿದರೆ ಅದೇ ಸಂಗತಿಯಾದೀತೆಂದು ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಒಬ್ಬರ ಹಿಂದೆ ಒಬ್ಬರು ಇಳಿದರು.

ಹೆಸರಿಲ್ಲದ ಕಣಿವೆಯಲ್ಲಿ ಬದುಕುವುದು ಸುಲಭವಲ್ಲ. ಅಲ್ಲಿ ಒಲೆಯ ಹೊಗೆ ಮೇಲೇಳುವುದಿಲ್ಲ, ನೆಲದ ಮೇಲೆ ತೆವಳುತ್ತದೆ. ಹಾಲು ಹೆಪ್ಪುಗಟ್ಟುವುದಿಲ್ಲ. ಬಿತ್ತಿದ ಬೀಜ ಬಿತ್ತಿದ ಹಾಗೇ ಇರುತ್ತದೆ. ವಾರ ಬಿಟ್ಟು ಕೆದಕಿ ನೋಡಿದರೆ ಚೀಲದಿಂದ ಆಗಷ್ಟೇ ಸುರಿದಂತೆ ಒಣಗಿ ಬಿದ್ದಿರುತ್ತದೆ. ಕೂಗಿದರೆ ಎದುರು ಬೆಟ್ಟ ಮರುದನಿ ಕೊಡುವುದಿಲ್ಲ. ಅವರು ತಂದ ಹಿಟ್ಟು ಉಂಡರು, ಕುರಿಯ ತೊಗಲಿನ ಗುಡಾರದಲ್ಲಿ ಮಲಗಿದರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ. ಗಂಡ ಹೆಂಡತಿ ಜಗಳವಾಡಲಿಲ್ಲ. ನೆನೆಸಿಕೊಂಡು ಅಳು ಬಂದವರು ಏದುಸಿರು ಬಿಡುತ್ತಾ ಸಂದಿನ ತನಕ ಹತ್ತಿ, ಆಚೆ ಬದಿಗೆ ಇಳಿದು ಅತ್ತು, ಮುಖ ಒರೆಸಿಕೊಂಡು ಈಚೆ ಬರುತ್ತಿದ್ದರು.

ದಿನಾ ಬೆಳಿಗ್ಗೆ ಹೆಸರಿಡುವವಳು ಹೊಳೆಗೆ ಹೋಗಿ ಮೂರು ಬೆರಳು ಅದ್ದುವಳು, ನೆಲಕ್ಕೆ ಕಿವಿ ಇಡುವಳು, ಎದ್ದು "ಇನ್ನೂ ಇಲ್ಲ" ಎನ್ನುವಳು. ಗುಡಾರಗಳ ಮುಂದೆ ಕಾದು ನಿಂತ ಜನ ಮೆಲ್ಲನೆ "ಇನ್ನೂ ಇಲ್ಲ" ಎಂದು ತಮ್ಮ ಕೆಲಸಕ್ಕೆ ಹೋಗುವರು.

ಎಲ್ಲರ ಕಣ್ಣೂ ಮುಂದಾಳಿನ ಸೊಸೆಯ ಹೊಟ್ಟೆಯ ಮೇಲೆ. ಅವಳು ಹೆತ್ತರೆ ಮೊದಲ ಸಂಗತಿ ಹುಟ್ಟು. ಹುಟ್ಟಿನ ಹೆಸರು ಬಿದ್ದ ಕಣಿವೆಯಲ್ಲಿ ಕೂಸುಗಳು ಉಳಿಯುತ್ತವೆ. ಅವಳು ಎದ್ದರೆ ಇಬ್ಬರು ಹಿಡಿಯುವರು, ಕೂತರೆ ಇಬ್ಬರು ಕೂರಿಸುವರು. ಪಾಪ, ಆ ಹುಡುಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಕಣಿವೆಯನ್ನೇ ಬಸುರಲ್ಲಿ ಹೊತ್ತವಳಂತೆ ದಣಿದಿದ್ದಳು.

ದಿನ ತುಂಬಲು ಇನ್ನೇನು ಕೆಲವೇ ದಿನ ಅನ್ನುವಾಗ ಗೋಡೆ ಕಟ್ಟುವವನಿಗೆ ಜ್ವರ ಬಂತು.

ಮೊದಲು ನಡುಕ, ಆಮೇಲೆ ಎದೆಯಲ್ಲಿ ಗರಗಸ ಎಳೆದಂಥ ಸದ್ದು. ಹೆಸರಿಡುವವಳು ಹುಲ್ಲಿನ ಹಾಸಿಗೆ ಬದಲಿಸಿದಳು, ಬಿಸಿ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಕಾಲ ಬುಡಕ್ಕಿಟ್ಟಳು. ಆರನೆಯ ದಿನ ಅವನು ಅವಳ ಗುರುತು ಹಿಡಿಯಲಿಲ್ಲ. ಎಂಟನೆಯ ದಿನ ಹಿಡಿದ. ಒಂಬತ್ತನೆಯ ದಿನ ಎರಡು ಗುಟುಕು ಗಂಜಿ ಕುಡಿದು, "ಹೊಳೆ ಆಚೆ ಒಳ್ಳೆ ಕಲ್ಲಿದೆ ಕಣೇ. ಚಪ್ಪಟೆ ಕಲ್ಲು. ಹೆಸರು ಬರಲಿ, ಮೊದಲು ಕುರಿದೊಡ್ಡಿ ಕಟ್ತೀನಿ" ಎಂದ. ಎಂದವನೇ ಮತ್ತೆ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನ ಕೆಳಗೆ ನೀಲಿ ನೆರಳು ಬಿದ್ದಿತ್ತು.

ಅಂದು ಮಧ್ಯಾಹ್ನ ಮುಂದಾಳು ಗುಡಾರದ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ಅಕ್ಕ, ಸೂಲಗಿತ್ತಿ ಹೇಳ್ತಾಳೆ, ಸೊಸೆಗೆ ಇವತ್ತೋ ನಾಳೆಯೋ ಅಂತ."

"ಒಳ್ಳೇದಾಯ್ತು."

"ಇವನ ಉಸಿರು ನನ್ನ ಗುಡಾರದ ತನಕ ಕೇಳಿಸುತ್ತೆ."

ಅವಳು ಕಾಲ ಬುಡದ ಕಲ್ಲು ಆರಿತೇ ಎಂದು ಮುಟ್ಟಿ ನೋಡಿದಳು.

"ಮೂವತ್ತೊಂಬತ್ತು ಜನ, ಅಕ್ಕ. ಇವನು ಮೊದಲು ಹೋಗಿಬಿಟ್ಟರೆ ಈ ಕಣಿವೆಗೆ ಸಾವಿನ ಹೆಸರು. ನಾವು ಯಾವುದರಿಂದ ಓಡಿ ಬಂದೆವೋ ಅದರ ಬಾಯಿಗೇ ಬಂದು ಬಿದ್ದ ಹಾಗೆ. ಬರೀ ಎರಡು ದಿನ. ಸಂದಿನಾಚೆ, ಈ ಕಣಿವೆ ಮುಗಿಯೋ ಗೆರೆಯ ಆ ಕಡೆ ಮಲಗಿಸೋಣ. ಕಂಬಳಿ ಹೊದೆಸೋಣ, ಬೆಂಕಿ ಹಾಕೋಣ. ಕೂಸು ಅತ್ತ ಕೂಡಲೇ ಓಡಿಹೋಗಿ ಕರಕೊಂಡು ಬರೋಣ."

"ಇವತ್ತು ಗಂಜಿ ಕುಡಿದ" ಎಂದಳು ಹೆಸರಿಡುವವಳು.

"ಹೋಗೋ ಮುಂಚೆ ಒಂದು ಸಲ ಕುಡೀತಾರೆ. ನಿನಗೂ ಗೊತ್ತು, ನನಗೂ ಗೊತ್ತು."

ಅದು ನಿಜವಿರಬಹುದು, ಇಲ್ಲದಿರಬಹುದು. ಅವಳಿಗೆ ತನ್ನ ಎರಡು ಕೂಸುಗಳು ನೆನಪಾದವು. ಒಂದಕ್ಕೆ ಏಳು ದಿನ, ಇನ್ನೊಂದಕ್ಕೆ ಏಳು ತಿಂಗಳು. ಅವಳು ಗಂಡನ ಮುಖ ನೋಡಿದಳು, ಮುಂದಾಳಿನ ಮುಖ ನೋಡಿದಳು, ಕೊನೆಗೆ ಯಾರ ಮುಖವನ್ನೂ ನೋಡದೆ ಕಂಬಳಿ ಮಡಚಲು ತೊಡಗಿದಳು. ಮುಂದಾಳು ಅದನ್ನೇ ಒಪ್ಪಿಗೆಯೆಂದು ತಿಳಿದ. ಅದು ಒಪ್ಪಿಗೆಯೇ ಆಗಿತ್ತು.

ನಾಲ್ವರು ಹೊತ್ತರು. ತಲೆಯ ಕಡೆ ಮುಂದಾಳು ಮತ್ತು ಕುರಿ ಕಾಯುವವನು. ಕಾಲಿನ ಕಡೆ ಮುಂದಾಳಿನ ಮಗ ಮತ್ತು ಹೆಸರಿಡುವವಳು. ಎರಡು ಗಳುವಿನ ನಡುವೆ ಕಟ್ಟಿದ ಕಂಬಳಿಯಲ್ಲಿ ಅವನು ತೂಗಾಡಿದ. ಗುಡಾರಗಳ ಮುಂದೆ ನಿಂತ ಜನ ಹಿಂದಕ್ಕೆ ತಿರುಗಿ ನಿಂತರು, ನೋಡದೆ ಇದ್ದರೆ ಅದು ಸಂಗತಿಯಾಗುವುದಿಲ್ಲವೇನೋ ಎಂಬಂತೆ.

ಅರ್ಧ ಏರು ಹತ್ತಿದಾಗ ಅವನು ಕಣ್ಣು ಬಿಟ್ಟ.

"ಎಲ್ಲಿಗೇ?"

"ಕೆಳಗೆ ತೇವ ಜಾಸ್ತಿ. ನಿನ್ನ ಎದೆಗೆ ಆಗಲ್ಲ. ಮೇಲೆ ಗಾಳಿ ಒಣಗಿದೆ" ಎಂದಳು ಅವಳು.

ಅವನಿಗೂ ಕಟ್ಟಳೆ ಗೊತ್ತಿತ್ತು. ಹೆಸರಿಡುವವಳ ಗಂಡನಿಗೆ ಗೊತ್ತಿಲ್ಲದೆ ಇದ್ದೀತೇ? ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ, ಒಂದು ಕಲ್ಲಿಗೆ ಎಲ್ಲಿ ಜಾಗ ಎಂದು ನೋಡುವಾಗ ನೋಡುತ್ತಿದ್ದ ಹಾಗೆಯೇ. ಆಮೇಲೆ, "ಆಗಲಿ" ಎಂದ.

ಸಂದಿನ ಗೆರೆ ದಾಟಿ ಹತ್ತು ಮಾರು ಆಚೆ, ಒಂದು ಬಂಡೆಯ ಮರೆಯಲ್ಲಿ ಮಲಗಿಸಿದರು. ಕುರಿ ಕಾಯುವವನು ಬೆಂಕಿ ಹೊತ್ತಿಸಿದ. ಅವಳು ನೀರಿನ ಗಡಿಗೆ, ಬಾರ್ಲಿ ರೊಟ್ಟಿ ಕೈಗೆಟುಕುವ ಹಾಗೆ ಇಟ್ಟಳು. ಅಷ್ಟರಲ್ಲಿ ಕೆಳಗಿನಿಂದ ಒಬ್ಬಳು ಓಡಿ ಬಂದಳು. ಸೊಸೆಗೆ ನೋವು ಶುರುವಾಗಿದೆ, ಹೆಸರಿಡುವವಳು ಎದುರಿಗಿಲ್ಲದಿದ್ದರೆ ಹುಟ್ಟಿಗೆ ಸಾಕ್ಷಿ ಇಲ್ಲ, ಬೇಗ ಬರಬೇಕು.

ಅವಳು ಗಂಡನ ಹಣೆ ಮುಟ್ಟಿದಳು. "ಕೂಸು ಹುಟ್ಟಿದ ಗಳಿಗೆಯಲ್ಲೇ ಬರ್ತೀನಿ" ಎಂದು ತಿರುಗಿದಳು. ತಿರುಗಿದವಳು ಮತ್ತೆ ನೋಡಲಿಲ್ಲ. ನೋಡಿದ್ದರೆ ಕಾಲು ಮುಂದೆ ಬರುತ್ತಿರಲಿಲ್ಲ. ಎಲ್ಲರಿಗಿಂತ ಮುಂದೆ, ಒದ್ದೆ ಹುಲ್ಲಿನ ಇಳಿಜಾರಿನಲ್ಲಿ, ಹೆಚ್ಚುಕಡಿಮೆ ಓಡುತ್ತಲೇ ಇಳಿದಳು. ಎರಡು ಸಲ ಜಾರಿ ಬಿದ್ದಳು.

ಹೆರಿಗೆ ಆ ದಿನ ಆಗಲಿಲ್ಲ. ಮರುದಿನವೂ ಆಗಲಿಲ್ಲ. ನೋವು ಬರುವುದು, ನಿಲ್ಲುವುದು. ಸೂಲಗಿತ್ತಿ ಬೆವರು ಒರೆಸಿಕೊಳ್ಳುವುದು, ಹುಡುಗಿ ತುಟಿ ಕಚ್ಚುವುದು. ಹೊರಗೆ ಹಿಮ ಬೆರೆತ ಮಳೆ ಬಿದ್ದು ಸಂದು ಕಾಣದ ಹಾಗೆ ಮುಚ್ಚಿತು. "ಯಾರಾದರೂ ಮೇಲೆ ಹೋಗಿ ನೋಡಿ ಬನ್ನಿ" ಎಂದಳು ಹೆಸರಿಡುವವಳು ಮೊದಲ ದಿನ. "ಮಂಜು ಸರಿಯಲಿ" ಎಂದ ಮುಂದಾಳು. ಎರಡನೆಯ ದಿನವೂ ಅವಳು ಅದನ್ನೇ ಕೇಳಿದಳು, ಅವನೂ ಅದನ್ನೇ ಹೇಳಿದ. ಅವಳು ಬಸುರಿಯ ತಲೆದೆಸೆಯಿಂದ ಏಳಲಿಲ್ಲ. ಮೂರನೆಯ ದಿನ ಬೆಳಕು ಹರಿದ ಮೇಲೆ ಹೆಣ್ಣುಕೂಸು ಹುಟ್ಟಿತು. ಗಟ್ಟಿಯಾಗಿ ಅತ್ತಿತು. ಎದುರು ಬೆಟ್ಟ ಮರುದನಿ ಕೊಡಲಿಲ್ಲ. ಹೆಸರು ಹೇಳುವ ತನಕ ಅದು ಕೊಡುವುದೂ ಇಲ್ಲ. ಜನ ಗುಡಾರದ ಸುತ್ತ ನೆರೆದು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

ಹೆಸರಿಡುವವಳು ಅವರ ನಡುವಿನಿಂದ ಹಾದು ಬೆಟ್ಟ ಹತ್ತಿದಳು. ಯಾರೂ ಜೊತೆಗೆ ಬರಲಿಲ್ಲ.

ಬಂಡೆಯ ಮರೆಯಲ್ಲಿ ಅವನು ಇರಲಿಲ್ಲ. ಬೂದಿ ತಣ್ಣಗಾಗಿತ್ತು, ರೊಟ್ಟಿ ಖಾಲಿಯಾಗಿತ್ತು. ಅಲ್ಲಿಂದ ನಾಲ್ಕು ಮಾರು ಆಚೆ, ಗಾಳಿ ಬರುವ ದಿಕ್ಕಿಗೆ ಅಡ್ಡವಾಗಿ, ಒಂದು ಗೋಡೆ ಇತ್ತು. ಸೊಂಟದೆತ್ತರ, ಒಂದಾಳು ಉದ್ದ. ಕಲ್ಲಿಗೆ ಕಲ್ಲು ಹೊಂದಿ ಕೂತಿತ್ತು. ಕಲ್ಲುಗಳ ನಡುವೆ ಹುಲ್ಲುಕಡ್ಡಿಯೂ ತೂರುತ್ತಿರಲಿಲ್ಲ. ಅದರ ಮರೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಅವನು ಕೂತಿದ್ದ. ತೊಡೆಯ ಮೇಲೆ ಒಂದು ಚಪ್ಪಟೆ ಕಲ್ಲು. ಎರಡು ಕೈಯೂ ಅದರ ಮೇಲೆ. ಮೈ ಕಲ್ಲಿಗಿಂತ ತಣ್ಣಗಿತ್ತು.

ಹದಿನೆಂಟು ವರ್ಷ ಅವನ ಕೆಲಸ ನೋಡಿದವಳು ಅವಳು. ಅವನು ದಿನಕ್ಕೆ ಎಷ್ಟು ಕಟ್ಟುತ್ತಾನೆಂದು ಅವಳಿಗೆ ಗೊತ್ತು. ಆ ಗೋಡೆ ಇಡೀ ಒಂದು ದಿನದ ಕೆಲಸ. ಜ್ವರದ ಕೈಯಲ್ಲಿ, ಮಳೆಯಲ್ಲಿ, ಒಬ್ಬನೇ ಇಡೀ ದಿನ ಕಲ್ಲೆತ್ತಿದವನು ಸಾಯಲು ಹೊರಟವನಾಗಿರಲಿಲ್ಲ. ಬದುಕಲು ಮರೆ ಕಟ್ಟಿಕೊಳ್ಳುತ್ತಿದ್ದವನು.

ಅವಳು ಅಲ್ಲಿ, ಗೆರೆಯಾಚೆ, ಕೂತು ಅತ್ತಳು. ಆಮೇಲೆ ಅವನ ಬೆರಳು ಬಿಡಿಸಿ, ಆ ಚಪ್ಪಟೆ ಕಲ್ಲನ್ನು ತೆಗೆದು, ಗೋಡೆಯ ಮೇಲೆ ಅದರ ಜಾಗ ಹುಡುಕಿದಳು. ಬಹಳ ಹೊತ್ತು ಹಿಡಿಯಿತು. ಕೊನೆಗೆ ಸಿಕ್ಕಿತು.

ಅವಳು ಕೆಳಗಿಳಿದು ಬಂದಾಗ ಜನರೆಲ್ಲ ಹೊಳೆಯ ದಡದಲ್ಲಿ ಕಾದಿದ್ದರು. ಬಾಣಂತಿಯನ್ನು ಕಂಬಳಿಯ ಮೇಲೆ ಕೂರಿಸಿದ್ದರು, ಮಡಿಲಲ್ಲಿ ಕೂಸು. ಮುಂದಾಳು ಎದುರು ಬಂದು ಅವಳ ಕಣ್ಣು ನೋಡಿದ, ನೋಡಿ ತಲೆ ತಗ್ಗಿಸಿದ. ಕೇಳುವುದು ಏನೂ ಉಳಿದಿರಲಿಲ್ಲ. ಅವಳಿಗಷ್ಟೇ ಕೇಳುವ ಹಾಗೆ, "ಅವನು ಗೆರೆಯಾಚೆ ಹೋದ. ಅದು ಈ ಕಣಿವೆಯ ಲೆಕ್ಕಕ್ಕೆ ಬರಲ್ಲ. ತೊಟ್ಟಿಲ ಗ್ಲೆನ್ ಅಂತ ಹೇಳು, ಅಕ್ಕ. ನಮಗೆ ಅಷ್ಟು ಸಾಕು" ಎಂದ.

ಅವಳು ಹೊಳೆಗೆ ಇಳಿದಳು. ಮೂರು ಬೆರಳು ಅದ್ದಿದಳು. ನೆಲಕ್ಕೆ ಕಿವಿ ಇಟ್ಟಳು.

ಈ ಸಲ ನೆಲ ಹೇಳಿತು. ಕೂಸಿನ ಅಳುವನ್ನು ಹೇಳಲಿಲ್ಲ. ಎಂಟು ಕಾಲುಗಳ ಸದ್ದನ್ನು ಹೇಳಿತು. ಗುಡಾರದಿಂದ ಹೊರಟು, ಗಳು ಕಿರುಗುಟ್ಟುತ್ತಾ, ಏರು ಹತ್ತುತ್ತಾ, ಒಬ್ಬನನ್ನು ಹೊತ್ತುಕೊಂಡು ಹೋದ ಎಂಟು ಕಾಲು. ಅದೇ ಈ ಕಣಿವೆಯಲ್ಲಿ ನಡೆದ ಮೊದಲ ಸಂಗತಿ. ಬೆನ್ನು ತಿರುಗಿಸಿ ನಿಂತವರಿಗೂ ಅದು ಗೊತ್ತಿತ್ತು.

ಅವಳ ತಾಯಿ ಕಲಿಸಿದ್ದು ಒಂದೇ ಮಾತು: "ಹೆಸರು ನೀನು ಇಡೋದಲ್ಲ, ನೆಲ ಹೇಳಿದ್ದನ್ನ ಹೇಳೋದು." ಹಿಂದೊಮ್ಮೆ ಒಬ್ಬ ಹೆಸರಿಡುವವಳು, ಜನರ ಮೇಲಿನ ಅಕ್ಕರೆಗೆ, ಕೊಲೆ ನಡೆದ ಜಾಗಕ್ಕೆ ಜೇನಿನ ಕೊರಿ ಎಂದಿದ್ದಳಂತೆ. ಒಂದು ವರ್ಷದೊಳಗೆ ಆ ಕೊರಿಯಲ್ಲಿ ನೀರಿಗೆ ಹೋದವರಿಗೆ ಮನೆಯ ದಾರಿ ಸಿಗಲಿಲ್ಲ, ಮನೆಯಲ್ಲಿ ಇದ್ದವರಿಗೆ ಬಾಗಿಲು ಸಿಗಲಿಲ್ಲ. ಸುಳ್ಳು ಹೆಸರಿನ ಜಾಗದಲ್ಲಿ ಯಾರೂ ಉಳಿಯಲಿಲ್ಲ.

ಹಾಗಾದರೆ ನಿಜ ಹೇಳಬೇಕು. ಕೈಬಿಟ್ಟವರ ಗ್ಲೆನ್ ಎನ್ನಬೇಕು. ಮಾತು ನಾಲಿಗೆಯ ತುದಿಗೆ ಬಂತು. ಅಂದರೆ ಮುಂದೆ ಈ ಕಣಿವೆಯಲ್ಲಿ ಮಗ ತಾಯಿಯ ಕೈ ಬಿಡುತ್ತಾನೆ, ತಾಯಿ ಕೂಸಿನ ಕೈ ಬಿಡುತ್ತಾಳೆ, ಕೊನೆಯ ಮನುಷ್ಯ ಇರುವ ತನಕ ಹೀಗೇ. ಅವರು ಅದಕ್ಕೆ ತಕ್ಕವರೇ. ತಾನೂ ತಕ್ಕವಳೇ. ಅವಳು ತಲೆಯೆತ್ತಿದಳು. ಬಾಣಂತಿ ಅವಳನ್ನೇ ನೋಡುತ್ತಿದ್ದಳು, ಎರಡು ದಿನ ನರಳಿದ ಮುಖ. ಆ ಹುಡುಗಿಗೆ ಮೇಲಿನ ಸುದ್ದಿ ಯಾರೂ ಹೇಳಿರಲಿಲ್ಲ. ಕೂಸು ಗಾಳಿಗೆ ಬಾಯಿ ತೆರೆದು ಮುಚ್ಚುತ್ತಿತ್ತು.

ಬಿಟ್ಟದ್ದೂ ನಿಜ, ಹೊತ್ತದ್ದೂ ನಿಜ. ನೆಲ ಹೇಳಿದ್ದು ಹೊತ್ತ ಕಾಲುಗಳ ಸದ್ದನ್ನು. ಬಿಟ್ಟದ್ದು ಗೆರೆಯಾಚೆ.

ಹೆಸರಿಡುವವಳು ಎದ್ದು ನಿಂತು, ನಾಲ್ಕು ದಿಕ್ಕಿಗೂ ಕೇಳುವಂತೆ ಹೇಳಿದಳು:

"ಇದು ಹೊತ್ತವರ ಗ್ಲೆನ್."

ಎದುರು ಬೆಟ್ಟ ಅದನ್ನು ತೆಗೆದುಕೊಂಡು ಮರಳಿ ಹೇಳಿತು. ಗುಡಾರಗಳ ಮುಂದೆ ನೆಲದಲ್ಲಿ ತೆವಳುತ್ತಿದ್ದ ಹೊಗೆ ಎದ್ದು ನೆಟ್ಟಗೆ ಮೇಲೆ ಹೋಯಿತು. ಬಾಣಂತಿಯ ಮುಖ ಅರಳಿತು. ಒಂಬತ್ತು ತಿಂಗಳು ಹೊತ್ತವಳು ಅವಳಲ್ಲವೇ? ಹೆಂಗಸರು ಅವಳನ್ನು ತಬ್ಬಿಕೊಂಡರು. ಮೂವರು ಗಂಡಸರು ಮಾತ್ರ ಇದ್ದಲ್ಲೇ ನಿಂತಿದ್ದರು. ಕುರಿ ಕಾಯುವವನು ತನ್ನ ಎರಡು ಅಂಗೈಯನ್ನು ನೋಡಿಕೊಳ್ಳುತ್ತಿದ್ದ.

ಬಾರ್ಲಿ ಮೊಳೆಯಿತು, ಹಾಲು ಹೆಪ್ಪಾಯಿತು, ಮನೆಗಳು ಎದ್ದವು. ಕೂಸುಗಳು ಉಳಿದವು. ಆ ಗ್ಲೆನ್ನಿನಲ್ಲಿ ಬಸಿರು ಇಳಿದುಹೋದದ್ದೇ ಇಲ್ಲ ಎಂದು ಸುತ್ತಲ ಕಣಿವೆಗಳಲ್ಲಿ ಮಾತಾಯಿತು. ಆದರೆ ಹೆಸರು ತನ್ನ ಇನ್ನೊಂದು ಪಾಲನ್ನೂ ಬಿಡಲಿಲ್ಲ. ಅಲ್ಲಿನವರ ಬೆನ್ನು ಮೂವತ್ತಕ್ಕೇ ಬಾಗುತ್ತಿತ್ತು. ಸುಮ್ಮನೆ ಕೂತವರೂ ಏನನ್ನೋ ಹೊತ್ತವರಂತೆ ಉಸಿರು ಬಿಡುತ್ತಿದ್ದರು. ಮುದುಕರು ಜಡ್ಡಾಗಿ ಮಲಗಿದಾಗ, ಹಾಸಿಗೆ ಬದಲಿಸಲೆಂದು ಮಕ್ಕಳು ಮೆಲ್ಲನೆ ಎತ್ತಿದರೆ, ಯಾಕೆಂದು ತಮಗೇ ತಿಳಿಯದೆ ಕಂಬವನ್ನು ಎರಡು ಕೈಯಲ್ಲಿ ಹಿಡಿದು ಕೂಗುತ್ತಿದ್ದರು.

ಹೆಸರಿನ ಕತೆ ತನ್ನ ಪಾಡಿಗೆ ಬೆಳೆಯಿತು. ತಾಯಂದಿರು ಹೊತ್ತು ಹೆತ್ತ ಜಾಗ, ಅದಕ್ಕೇ ಹೊತ್ತವರ ಗ್ಲೆನ್ ಎಂದರು ಹೆಚ್ಚಿನವರು. ಅಲ್ಲ, ಬೀಜದ ಚೀಲ ಹೊತ್ತು ತಂದವರ ಗ್ಲೆನ್ ಎಂದರು ಕೆಲವರು. ಹೊಸಬನೊಬ್ಬ, ಇಲ್ಲಿ ಮೊದಲು ಬೆಂಕಿ ಹೊತ್ತಿತು, ಅದರಿಂದ ಬಂತು ಎಂದು ವಾದಿಸಿದ. ಹೆಸರಿಡುವವಳನ್ನು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮುಂದಾಳಿನ ಮಗ ಸತ್ತ, ಕುರಿ ಕಾಯುವವನು ಸತ್ತ. ಇಪ್ಪತ್ತೆರಡು ವರ್ಷ ಹೋಯಿತು.

ಅಂದು ಹುಟ್ಟಿದ ಹೆಣ್ಣುಕೂಸು ಈಗ ತಾಯಿಯಾಗಿತ್ತು. ಊರಲ್ಲಿ ಅವಳನ್ನು ಮೊದಲವಳು ಎನ್ನುತ್ತಿದ್ದರು. ಹೆಸರಿಡುವವಳು ತನ್ನ ನಂತರಕ್ಕೆ ಅವಳನ್ನೇ ಆಯ್ದುಕೊಂಡಿದ್ದಳು. ಹೊಳೆಯಲ್ಲಿ ಬೆರಳು ಅದ್ದುವುದನ್ನು, ನೆಲಕ್ಕೆ ಕಿವಿ ಇಡುವುದನ್ನು ಕಲಿಸಿದ್ದಳು. ಉಳಿದ ಕಣಿವೆಗಳ ಹೆಸರಿನ ಮೂಲವನ್ನೆಲ್ಲ ಹೇಳಿದ್ದಳು. ತಮ್ಮದೊಂದನ್ನು ಬಿಟ್ಟು.

ಒಂದು ಬೆಳಿಗ್ಗೆ ಮುದಿ ಮುಂದಾಳು ಕೋಲೂರಿಕೊಂಡು ಹೆಸರಿಡುವವಳ ಮನೆಗೆ ಬಂದ. ಈ ಸಲ ಒಳಗೆ ಬಂದು, ಒಲೆಯ ಮುಂದೆ ಕೂತ.

"ಮೊಮ್ಮಗಳಿಗೆ ಹೇಳ್ತೀಯಾ?"

"ಹೇಳಬೇಕು."

"ಬೇಡ, ಅಕ್ಕ. ತನ್ನಿಂದ ಈ ಊರಿಗೆ ಹೆಸರು ಬಂತು ಅಂತ ಬೆಳೆದವಳು. ಹೊತ್ತವರಲ್ಲಿ ನಾನು, ನೀನು ಇಬ್ಬರೇ ಉಳಿದಿದ್ದೀವಿ, ಬೆನ್ನು ತಿರುಗಿಸಿದವರು ಬಾಯಿ ಬಿಡಲ್ಲ. ನಮ್ಮ ಜೊತೆಗೇ ಹೋಗಲಿ. ಅಷ್ಟಾದರೂ ಹೊತ್ತುಕೊಂಡು ಹೋಗೋಣ."

ಅವಳು ಒಲೆಗೆ, ಅಲ್ಲಿ ಸೌದೆಯ ಬದಲು ಉರಿಸುವ ಒಣಗಿದ ಜವುಗುಮಣ್ಣಿನ ಹೆಂಟೆ ಇಟ್ಟಳು. ಹೊಗೆ ನೆಟ್ಟಗೆ ಎದ್ದಿತು.

"ನೀನು ಅವನ ತಲೆಯ ಕಡೆ ಇದ್ದೆ" ಎಂದಳು. "ನಾನು ಮುಂದೆ ಹೋಗಿಬಿಟ್ಟೆ. ಅವನು ಏನಾದರೂ ಅಂದನಾ?"

ಮುಂದಾಳು ಕೋಲನ್ನು ನೆಲಕ್ಕಿಟ್ಟು, ಭುಜದ ಮೇಲೆ ಕೈ ಇಟ್ಟುಕೊಂಡ.

"ಹೆಣ ಹೊತ್ತ ಭುಜ ಇದು. ಸಾಯೋನ ಭಾರ ನನಗೆ ಗೊತ್ತು. ಅವನದು ಬದುಕೋನ ಭಾರ. ಏರು ಹತ್ತುವಾಗಲೇ ಗೊತ್ತಾಯ್ತು. ಹೇಳಲಿಲ್ಲ."

"ಅದು ನನಗೂ ಗೊತ್ತು. ಗೋಡೆ ನೋಡಿದೆ. ಅವನು ಏನಂದ?"

"ನೀನು ಓಡ್ತಾ ಇಳೀತಿದ್ದೆ. ಅವನು ಮೊಣಕೈ ಊರಿ ಎದ್ದು ನೋಡಿದ. ನೋಡಿ ನನಗೆ ಅಂದ: ನೆಲ ಒದ್ದೆ ಇದೆ, ಜಾರುತ್ತೆ, ಅವಳಿಗೆ ನಿಧಾನ ಇಳಿ ಅನ್ನು." ಮುದುಕ ಮೂಗು ಒರೆಸಿಕೊಂಡ. "ಅಷ್ಟೇ. ನಾನು ನಿನ್ನ ಹಿಂದೆಯೇ ಬಂದೆ. ನೀನು ಬಿದ್ದದ್ದನ್ನೂ ನೋಡಿದೆ. ಆ ಮಾತು ಹೇಳಿದ್ದರೆ ನೀನು ತಿರುಗಿ ಹತ್ತಿಬಿಡ್ತಿದ್ದೆ. ಅದಕ್ಕೇ ಹೇಳಲಿಲ್ಲ."

ಹೆಸರಿಡುವವಳು ಎದ್ದಳು. ಅವನಿಗೆ ಬಯ್ಯಲಿಲ್ಲ. ಕುಡಿಯಲು ಬಿಸಿ ಹಾಲು ಕೊಟ್ಟು, ಕೋಲು ಕೈಗೆ ಕೊಟ್ಟು, ಬಾಗಿಲ ತನಕ ಕಳಿಸಿದಳು. ಆಮೇಲೆ ಶಾಲು ಹೊದ್ದು ಮೊದಲವಳ ಮನೆಗೆ ಹೋದಳು.

ಮೊದಲವಳು ಅಂಗಳದಲ್ಲಿ ಕೂಸಿಗೆ ಹಾಲೂಡುತ್ತಿದ್ದಳು. "ಬಾ ಅಜ್ಜಿ, ಇಷ್ಟು ಬೆಳಿಗ್ಗೆ?" ಎಂದಳು. ಹೆಸರಿಡುವವಳು ಎದುರಿಗೆ ಕಲ್ಲಿನ ಮೇಲೆ ಕೂತು, ಮೊದಲಿನಿಂದ ಹೇಳಿದಳು. ಜ್ವರ ಬಂದದ್ದು, ಕಂಬಳಿ ಮಡಚಿದ್ದು, ಯಾರು ಯಾವ ಕಡೆ ಹೊತ್ತದ್ದು, ಮೂರು ದಿನ, ಗೋಡೆ, ಹೊಳೆಯ ಹತ್ತಿರ ಬಾಯಿಗೆ ಬಂದು ಅವಳು ಹೇಳದೆ ಬಿಟ್ಟ ಹೆಸರು. ಇಂದು ಕೇಳಿದ ಕೊನೆಯ ಮಾತನ್ನೂ ಹೇಳಿದಳು. ಯಾವುದನ್ನೂ ಮೆತ್ತಗೆ ಮಾಡಲಿಲ್ಲ.

ಮೊದಲವಳ ಮುಖದ ಬಣ್ಣ ಹೋಯಿತು. ಕೂಸು ಮೊಲೆ ಬಿಟ್ಟು ನಿದ್ದೆ ಹೋಗಿತ್ತು. ಅದನ್ನು ಕೆಳಗೆ ಮಲಗಿಸಲು ಅವಳಿಗೆ ಮನಸ್ಸಾಗಲಿಲ್ಲ. ಬೆಟ್ಟದ ಮೇಲೆ ಮಂಜು ಇಳಿಯುತ್ತಿತ್ತು. ಸಂದು ಅರ್ಧ ಮುಚ್ಚಿತ್ತು.

"ಅಂದರೆ ನಾನು ಹುಟ್ಟಲಿ ಅಂತ" ಎಂದಳು.

"ನಿನ್ನ ತಪ್ಪಲ್ಲ ಮಗಾ."

"ತಪ್ಪಲ್ಲ ಅಂತ ನನಗೂ ಗೊತ್ತು, ಅಜ್ಜಿ. ಆದರೂ ಇನ್ನು ಮೇಲೆ ಇದು ನನ್ನದೇ ಅಲ್ವಾ?"

ಹೆಸರಿಡುವವಳು ಹೌದೆಂದು ತಲೆಯಾಡಿಸಿದಳು. ಆ ಹುಡುಗಿಯ ಹೆಗಲು ಅವಳ ಕಣ್ಣೆದುರೇ ಸ್ವಲ್ಪ ಇಳಿಯಿತು.

ಮೊದಲವಳು ಸಂದಿನ ಕಡೆ ನೋಡುತ್ತಾ ಕೇಳಿದಳು. "ಅವರ ಹೆಸರೇನು?"

"ಯಾರದು?"

"ಅವರದು. ನೀನು ಗಂಡ ಅಂದೆ, ಗೋಡೆ ಕಟ್ಟುವವನು ಅಂದೆ. ಅವರ ಹೆಸರು ಹೇಳಲಿಲ್ಲ."

ಇಪ್ಪತ್ತೆರಡು ವರ್ಷದಿಂದ ಆ ಹೆಸರನ್ನು ಯಾರೂ ಕೂಗಿರಲಿಲ್ಲ. ಊರಿನವರು ನಾಚಿಕೆಗೆ ಕೂಗಲಿಲ್ಲ. ಅವಳು ಯಾಕೆ ಕೂಗಲಿಲ್ಲವೋ ಅವಳಿಗೇ ಗೊತ್ತು. ಏಳು ಕಣಿವೆಗೆ ಹೆಸರು ಹೇಳಿದ ನಾಲಿಗೆ ಈಗ ಬಾಯೊಳಗೆ ಒದ್ದಾಡಿತು.

"ಲೋರ್ಕನ್" ಎಂದಳು.

"ಲೊರ್ಕನ್" ಎಂದಳು ಮೊದಲವಳು.

"ಹಾಗಲ್ಲ. ಲೋ ಸ್ವಲ್ಪ ಎಳೀಬೇಕು."

"ಲೋರ್ಕನ್."

"ಹ್ಞಾ" ಎಂದಳು ಹೆಸರಿಡುವವಳು. ಮಂಜು ಅಂಗಳದ ತನಕ ಬಂದಿತ್ತು. "ಇನ್ನೊಂದು ಸಲ ಹೇಳು."

ಅವಳು ಹೇಳಿದಳು.